ಕಾಪಾಡುವುದೂ ಧಮ್ಮವೇ: ಮನೆ ಸಾಮಾನು ಮತ್ತು ಭಂಡಾಗಾರಿಕನ ಐದು ಗುಣಗಳು

ಇಂದಿನ ಧಮ್ಮ ಚಿಂತನೆ

ಕಳೆದ ಭಾನುವಾರ ವಂದನೆ ಮುಗಿದ ಮೇಲೆ ನಮ್ಮ ಬಳಗದ ಉಪಾಸಿಕೆಯೊಬ್ಬರು ಒಂದು ಪ್ರಶ್ನೆ ಕೇಳಿದರು. ಅವರ ಪತಿಗೆ ಎರಡು ವರ್ಷದ ಮಟ್ಟಿಗೆ ಹೊರರಾಜ್ಯಕ್ಕೆ ವರ್ಗವಾಗಿದೆ. ಬೆಂಗಳೂರಿನ ಬಾಡಿಗೆ ಮನೆ ಖಾಲಿ ಮಾಡಬೇಕು. ಅಲ್ಲಿ ಸಿಗುವ ಕ್ವಾರ್ಟರ್ಸು ಚಿಕ್ಕದು. ಮಂಚ, ಬೀರು, ಫ್ರಿಜ್ಜು, ಮಕ್ಕಳ ಪುಸ್ತಕ, ಅತ್ತೆಯವರ ಕಾಲದ ಪಾತ್ರೆ ಎಲ್ಲವನ್ನೂ ಒಯ್ಯುವ ಹಾಗಿಲ್ಲ. ಈಗ ನಗರಗಳಲ್ಲಿ ಸೆಲ್ಫ್ ಸ್ಟೋರೇಜ್ ಎಂಬ ಬಾಡಿಗೆ ಉಗ್ರಾಣಗಳು ಬಂದಿವೆ. ತಿಂಗಳ ಬಾಡಿಗೆ ಕೊಟ್ಟು ಒಂದು ಸಣ್ಣ ಕೋಣೆ ಪಡೆದು, ನಮ್ಮ ಸಾಮಾನು ಇಟ್ಟು, ನಮ್ಮದೇ ಬೀಗ ಹಾಕಿಕೊಂಡು ಬರುವ ವ್ಯವಸ್ಥೆ ಅದು. ಅಂಥ ಕಡೆ ಇಡೋಣ ಎಂದು ಅವರು ಯೋಚಿಸಿದ್ದಾರೆ. ಇದನ್ನು ಕೇಳಿದ ಸಂಬಂಧಿಕರೊಬ್ಬರು, "ಬೌದ್ಧರಾದ ಮೇಲೆ ಎಲ್ಲ ಅನಿತ್ಯ ಅಂತೀರಿ, ಹಳೇ ಬೀರುವಿಗೆ ತಿಂಗಳು ತಿಂಗಳು ಬಾಡಿಗೆ ಕಟ್ತೀರಾ?" ಎಂದು ನಕ್ಕರಂತೆ. "ನಾನು ಮಾಡುತ್ತಿರುವುದು ಆಸೆಯೇ? ಧಮ್ಮಕ್ಕೆ ವಿರುದ್ಧವೇ?" ಇದು ಅವರ ಪ್ರಶ್ನೆ.

ಇದು ಅವರೊಬ್ಬರ ಪ್ರಶ್ನೆಯಲ್ಲ. ವರ್ಗಾವಣೆಯಾಗುವ ನೌಕರರು, ಮಗಳ ಮನೆಗೆ ಹೋಗಿ ಇರುವ ನಿವೃತ್ತರು, ಹಳೇ ಮನೆ ಕೆಡವಿ ಹೊಸದು ಕಟ್ಟುತ್ತಿರುವವರು, ನಮ್ಮಲ್ಲಿ ಅನೇಕರಿಗೆ ಈ ಪ್ರಶ್ನೆ ಒಂದಲ್ಲ ಒಂದು ದಿನ ಬರುತ್ತದೆ. ಆದ್ದರಿಂದ ಇಂದಿನ ಚಿಂತನೆಯನ್ನು ಇದಕ್ಕೇ ಮೀಸಲಿಡುತ್ತೇನೆ.

ಮೊದಲು ಬುದ್ಧರು ಏನು ಮಾಡಿದರು ಎಂದು ನೋಡೋಣ. ವಿನಯ ಪಿಟಕದ ಮಹಾವಗ್ಗದಲ್ಲಿ ಚೀವರಗಳ ಬಗ್ಗೆ ಒಂದು ಅಧ್ಯಾಯವಿದೆ. ಜನರು ಸಂಘಕ್ಕೆ ಕೊಟ್ಟ ಬಟ್ಟೆಗಳನ್ನು ಭಿಕ್ಖುಗಳು ಮಂಟಪದಲ್ಲಿ, ಮರದ ಬುಡದಲ್ಲಿ, ಪೊಟರೆಯಲ್ಲಿ ಇಡುತ್ತಿದ್ದರು. ಇಲಿ ತಿಂದವು, ಗೆದ್ದಲು ತಿಂದವು. ವಿಷಯ ಬುದ್ಧರ ಕಿವಿಗೆ ಬಿತ್ತು. ಬಟ್ಟೆ ಅನಿತ್ಯ, ಹೋದರೆ ಹೋಗಲಿ ಬಿಡಿ ಎಂದು ಅವರು ಹೇಳಲಿಲ್ಲ. ಸಂಘ ಸೇರಿ ಒಪ್ಪಿ ಒಂದು ಭಂಡಾಗಾರ ಮಾಡಿಕೊಳ್ಳಲು ಅನುಮತಿ ಕೊಟ್ಟರು. ಆಮೇಲೆ ಆ ಭಂಡಾಗಾರಕ್ಕೆ ಕಾವಲಿಲ್ಲವೆಂದು ತಿಳಿದಾಗ, ಅದನ್ನು ನೋಡಿಕೊಳ್ಳಲು ಐದು ಗುಣಗಳುಳ್ಳ ಭಿಕ್ಖುವೊಬ್ಬನನ್ನು ನೇಮಿಸಲು ಹೇಳಿದರು. ಅವನೇ ಭಂಡಾಗಾರಿಕ. ಕನ್ನಡದ ಮೇಷ್ಟರ ಕೆಲಸದಲ್ಲಿರುವುದರಿಂದ ಒಂದು ಮಾತು ಸೇರಿಸುತ್ತೇನೆ. ನಾವು ದಿನವೂ ಬಳಸುವ 'ಭಂಡಾರ' ಎಂಬ ಪದ ಬಂದಿರುವುದು ಈ 'ಭಂಡಾಗಾರ'ದಿಂದಲೇ.

ಮೂರು ಚೀವರ, ಒಂದು ಪಾತ್ರೆ ಇಟ್ಟುಕೊಂಡ ಭಿಕ್ಖುಗಳಿಗೇ ಉಗ್ರಾಣ ಬೇಕಾಯಿತು ಎಂದಮೇಲೆ, ಸಂಸಾರವಂದಿಗರಿಗೆ ಬೇಡವೇ?

ಗೃಹಸ್ಥರಿಗೂ ಅವರು ಪ್ರತ್ಯೇಕವಾಗಿ ಹೇಳಿದ್ದಾರೆ. ಅಂಗುತ್ತರ ನಿಕಾಯದಲ್ಲಿ ದೀಘಜಾಣು ಎಂಬ ಕೋಲಿಯ ಗೃಹಸ್ಥ ಬುದ್ಧರ ಬಳಿ ಬರುತ್ತಾನೆ. ತಾನು ಹೆಂಡತಿ ಮಕ್ಕಳೊಡನೆ ಬಾಳುವವನು, ಗಂಧ ಹೂವು ಬಯಸುವವನು, ಬೆಳ್ಳಿ ಬಂಗಾರ ಮುಟ್ಟುವವನು, ತನ್ನಂಥವನಿಗೆ ಹಿತವಾದುದನ್ನು ಹೇಳಿ ಎಂದು ಕೇಳುತ್ತಾನೆ. ಬುದ್ಧರು ಈ ಲೋಕದ ಹಿತಕ್ಕೆ ನಾಲ್ಕು ವಿಷಯ ಹೇಳುತ್ತಾರೆ. ಮೊದಲನೆಯದು ಉಟ್ಠಾನ ಸಂಪದಾ, ಅಂದರೆ ಚುರುಕಾಗಿ ದುಡಿಯುವುದು. ಎರಡನೆಯದು ಆರಕ್ಖ ಸಂಪದಾ, ಬೆವರು ಸುರಿಸಿ ನ್ಯಾಯವಾಗಿ ಗಳಿಸಿದ್ದನ್ನು ಕಾಪಾಡಿಕೊಳ್ಳುವುದು. ಅರಸರು, ಕಳ್ಳರು, ಬೆಂಕಿ, ನೀರು, ಒಲ್ಲದ ವಾರಸುದಾರರು ಎಂಬ ಐದು ಅಪಾಯಗಳಿಂದ ಕಾಪಾಡಬೇಕು ಎಂದು ಹೆಸರಿಟ್ಟೇ ಹೇಳಿದ್ದಾರೆ. ಮೂರನೆಯದು ಕಲ್ಯಾಣಮಿತ್ತತಾ, ಒಳ್ಳೆಯವರ ಸಂಗ. ನಾಲ್ಕನೆಯದು ಸಮಜೀವಿತಾ, ಆದಾಯ ವೆಚ್ಚ ನೋಡಿಕೊಂಡು ಹದವಾಗಿ ಬಾಳುವುದು. ಈ ನಾಲ್ಕರಲ್ಲಿ ಎರಡನೆಯದನ್ನು ಮಾಡುತ್ತಿರುವ ನಮ್ಮ ಉಪಾಸಿಕೆ ಧಮ್ಮಕ್ಕೆ ವಿರುದ್ಧ ಹೇಗಾದಾರು?

ಬಾಬಾಸಾಹೇಬರೂ ಇದನ್ನು ಸ್ಪಷ್ಟಪಡಿಸಿದ್ದಾರೆ. 1950ರಲ್ಲಿ ಬುದ್ಧ ಮತ್ತು ಆತನ ಧರ್ಮದ ಭವಿಷ್ಯದ ಬಗ್ಗೆ ಬರೆದ ಲೇಖನದಲ್ಲಿ, ಧರ್ಮವು ಬಡತನವನ್ನು ಪವಿತ್ರವೆಂದು ಹೊಗಳಬಾರದು ಎಂಬುದನ್ನು ಒಂದು ಷರತ್ತಾಗಿಯೇ ಇಟ್ಟಿದ್ದಾರೆ.

ನಮಗಂತೂ ಈ ಮಾತು ಪುಸ್ತಕದ ಮಾತಲ್ಲ. ಚಂಡಾಲರ ಆಸ್ತಿಯೆಂದರೆ ನಾಯಿ ಮತ್ತು ಕತ್ತೆ, ಉಡುಗೆಯೆಂದರೆ ಹೆಣದ ಮೇಲಿನ ಬಟ್ಟೆ, ಊಟದ ತಟ್ಟೆಯೆಂದರೆ ಒಡೆದ ಪಾತ್ರೆ, ಒಡವೆಯೆಂದರೆ ಕಬ್ಬಿಣ, ಒಂದೆಡೆ ನೆಲೆ ನಿಲ್ಲದೆ ಅಲೆಯುತ್ತಿರಬೇಕು ಎಂದು ಬರೆದಿಟ್ಟದ್ದು ಮನುಸ್ಮೃತಿ. 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಬಾಬಾಸಾಹೇಬರ ನೇತೃತ್ವದಲ್ಲಿ ಸುಟ್ಟದ್ದು ಅದನ್ನೇ. ಒಳ್ಳೆಯ ಪಾತ್ರೆ ಇಟ್ಟುಕೊಳ್ಳಬಾರದು ಎಂಬ ಕಟ್ಟಳೆಯಿಂದ ಹೊರಬಂದ ಜನ ನಾವು. ನಮ್ಮ ಮನೆಯ ಒಂದು ಹಿತ್ತಾಳೆ ಚೆಂಬು ಬರೀ ಚೆಂಬಲ್ಲ. ಅದನ್ನು ಕಾಪಾಡಿಕೊಳ್ಳುವುದನ್ನು ಆಸೆ ಎಂದು ನಗುವವರಿಗೆ ನಮ್ಮ ಹಿಂದಿನ ದಾರಿ ಗೊತ್ತಿಲ್ಲ.

ನಮ್ಮ ಅವ್ವನ ಹತ್ತಿರ ಒಂದು ತಗಡಿನ ಟ್ರಂಕು ಇತ್ತು. ಅದರಲ್ಲಿ ಬಂಗಾರ ಇರಲಿಲ್ಲ. ನಮ್ಮ ಮಾರ್ಕ್ಸ್ ಕಾರ್ಡು, ಜಾತಿ ಪ್ರಮಾಣಪತ್ರ, ತಾತನಿಗೆ ಸರ್ಕಾರದಿಂದ ಮಂಜೂರಾದ ಜಮೀನಿನ ಸಾಗುವಳಿ ಚೀಟಿ, ಕಂದಾಯ ಕಟ್ಟಿದ ರಸೀದಿಗಳು, ಇಷ್ಟೇ. ಹೆಂಚಿನ ಮನೆ ಸೋರುತ್ತಿತ್ತು. ರಾತ್ರಿ ಮಳೆ ಬಂದರೆ ಅವ್ವ ಮೊದಲು ಎತ್ತಿ ಒಣಗಿದ ಜಾಗಕ್ಕೆ ಸರಿಸುತ್ತಿದ್ದುದು ಆ ಟ್ರಂಕನ್ನು, ಆಮೇಲೆ ನಮ್ಮ ಹಾಸಿಗೆಯನ್ನು. ಅವಳಿಗೆ ಓದು ಬರುತ್ತಿರಲಿಲ್ಲ. ಮೊಹರಿನ ಬಣ್ಣ, ಕಾಗದದ ಮಡಿಕೆ ನೋಡಿ ಯಾವುದು ಯಾವ ಪತ್ರ ಎಂದು ಹೇಳುತ್ತಿದ್ದಳು. ಮಂಜೂರಾದ ಜಮೀನು ಪರರ ಪಾಲಾಗದಂತೆ ತಡೆಯುವ 1978ರ ಕರ್ನಾಟಕ ಕಾಯ್ದೆ, ನಾವು ಪಿಟಿಸಿಎಲ್ ಎನ್ನುತ್ತೇವಲ್ಲ, ಅದರಡಿ ಹೋರಾಡಲು ಹೋದವರಿಗೆ ಗೊತ್ತು. ಅಲ್ಲಿ ಮೊದಲು ಕೇಳುವುದೇ ಮಂಜೂರಾತಿಯ ದಾಖಲೆ. ಇಲಿ ಕಡಿದ ಒಂದು ಚೀಟಿಯ ಜೊತೆ ಎರಡು ಎಕರೆ ಹೋಗಬಹುದು. ಆರಕ್ಖ ಸಂಪದಾ ಎಂಬ ಪದ ಅವ್ವ ಕೇಳಿರಲಿಲ್ಲ, ಆದರೆ ಅದನ್ನು ಪಾಲಿಸಿದ್ದಳು.

ಇನ್ನು ಬಾಬಾಸಾಹೇಬರ ಸಾಮಾನಿನ ಕಥೆ. 1917ರಲ್ಲಿ ಅವರು ಲಂಡನ್ನಿನಿಂದ ಹಿಂದಿರುಗಿದಾಗ ಮೊದಲ ಮಹಾಯುದ್ಧ ನಡೆಯುತ್ತಿತ್ತು. ಅವರು ಒಂದು ಹಡಗಿನಲ್ಲಿ ಬಂದರು, ಅವರ ಪುಸ್ತಕಗಳು ಇನ್ನೊಂದು ಹಡಗಿನಲ್ಲಿ. ಪುಸ್ತಕದ ಹಡಗನ್ನು ಟಾರ್ಪೆಡೊ ಹೊಡೆದು ಮುಳುಗಿಸಲಾಯಿತು. ಹೊಟ್ಟೆ ಬಟ್ಟೆ ಕಟ್ಟಿ ಕೊಂಡ ಪುಸ್ತಕಗಳು ಸಮುದ್ರದ ಪಾಲಾದವು.

ಅದಾದ ಮೇಲೆ ಬರೋಡಾ. ಸಂಸ್ಥಾನದ ಕೆಲಸಕ್ಕೆ ಸೇರಲು ಹೋದ ಅವರಿಗೆ ಇರಲು ಮನೆ ಸಿಗಲಿಲ್ಲ. ಪಾರ್ಸಿ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರಿನಲ್ಲಿ ಇರಬೇಕಾಯಿತು. ಹನ್ನೊಂದನೆಯ ದಿನ ದೊಣ್ಣೆ ಹಿಡಿದವರು ಬಂದು, ಸಂಜೆಯೊಳಗೆ ಜಾಗ ಖಾಲಿ ಮಾಡಬೇಕೆಂದರು. ಇಬ್ಬರು ಸ್ನೇಹಿತರನ್ನು ಕೇಳಿದರು, ಇಬ್ಬರ ಮನೆಯಲ್ಲೂ ಜಾಗ ಸಿಗಲಿಲ್ಲ. ಮುಂಬಯಿ ರೈಲು ರಾತ್ರಿ 9ಕ್ಕೆ. ಐದು ಗಂಟೆ ಹೊತ್ತು ಕಾಮಾಠಿ ಬಾಗ್ ಎಂಬ ಸಾರ್ವಜನಿಕ ತೋಟದಲ್ಲಿ ಕುಳಿತು, ರಾತ್ರಿ 8ಕ್ಕೆ ವಸತಿಗೃಹಕ್ಕೆ ಮರಳಿ ತಮ್ಮ ಸಾಮಾನು ಇಳಿಸಿಕೊಂಡು ಹೊರಟರು. ಅಮೆರಿಕ, ಇಂಗ್ಲೆಂಡುಗಳಲ್ಲಿ ಓದಿ ಬಂದ ವಿದ್ವಾಂಸನಿಗೆ ಆ ಊರಿನಲ್ಲಿ ಪೆಟ್ಟಿಗೆ ಇಡಲು ನಾಲ್ಕಡಿ ಜಾಗ ಇರಲಿಲ್ಲ. ಇವತ್ತು ಜಾತಿ ಕೇಳದೆ, ರಸೀದಿ ಕೊಟ್ಟು, ಕೋಣೆಯ ಕೀಲಿ ನಮ್ಮ ಕೈಗೆ ಕೊಡುವ ಜಾಗ ಸಿಕ್ಕರೆ ಅದನ್ನು ಬಳಸಿಕೊಳ್ಳಲು ನಾಚಬೇಕಾಗಿಲ್ಲ.

ಅಷ್ಟೆಲ್ಲ ಕಳೆದುಕೊಂಡ ಮೇಲೆ ಬಾಬಾಸಾಹೇಬರು ಪುಸ್ತಕ ಕೂಡಿಸುವುದನ್ನು ಬಿಟ್ಟರೇ? ಮತ್ತೆ ಕೂಡಿಸಿದರು. 1930ರ ದಶಕದಲ್ಲಿ ದಾದರಿನಲ್ಲಿ ರಾಜಗೃಹ ಕಟ್ಟಿದ್ದೇ ಪುಸ್ತಕಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಅನಿತ್ಯವನ್ನು ಅರಿಯುವುದು ಎಂದರೆ ಇದು. ಹೋದುದಕ್ಕೆ ಅಳುತ್ತ ಕೂರುವುದಿಲ್ಲ, ಹೋಗುತ್ತದೆಂದು ಕೂಡಿಸದೆಯೂ ಇರುವುದಿಲ್ಲ.

ಈಗ ಭಂಡಾಗಾರಿಕನ ಐದು ಗುಣಗಳಿಗೆ ಬರೋಣ. ಛಂದ ಅಂದರೆ ಆಸೆಯ ದಾರಿ ಹಿಡಿಯಬಾರದು. ದ್ವೇಷದ ದಾರಿ ಹಿಡಿಯಬಾರದು. ಮೋಹದ, ಅಂದರೆ ಅರಿವಿಲ್ಲದ ದಾರಿ ಹಿಡಿಯಬಾರದು. ಭಯದ ದಾರಿ ಹಿಡಿಯಬಾರದು. ಐದನೆಯದು, ಯಾವುದನ್ನು ಭದ್ರವಾಗಿ ಇಟ್ಟಿದೆ, ಯಾವುದನ್ನು ಇಟ್ಟಿಲ್ಲ ಎಂದು ತಿಳಿದಿರಬೇಕು. ಬುದ್ಧರು ಇದನ್ನು ಸಂಘದ ಉಗ್ರಾಣದವನಿಗೆ ಹೇಳಿದರು. ನಮ್ಮ ಮನೆ ಸಾಮಾನಿಗೂ ಇದು ಹಾಗೆಯೇ ಹೊಂದುತ್ತದೆ.

ಮೊದಲನೆಯದು, ಆಸೆ. ಕಟ್ಟುವ ಮೊದಲು ಪ್ರತಿ ವಸ್ತುವನ್ನೂ ಕೇಳಿ: ಹಿಂದಿರುಗಿದ ಮೇಲೆ ನಿನ್ನಿಂದ ಏನು ಕೆಲಸ? ಲೆಕ್ಕ ಹಾಕಿ. ತಿಂಗಳಿಗೆ 2,000 ರೂಪಾಯಿ ಬಾಡಿಗೆ ಎಂದುಕೊಂಡರೆ ಎರಡು ವರ್ಷಕ್ಕೆ 48,000 ರೂಪಾಯಿ. ಒಳಗಿರುವುದು 20,000 ಬೆಲೆಯ ಸಾಮಾನಾದರೆ ಅದು ಆರಕ್ಖ ಅಲ್ಲ, ಸಮಜೀವಿತಾ ತಪ್ಪುತ್ತದೆ. ಹಳೇ ಮಂಚವನ್ನು ಬಾಡಿಗೆ ಕೋಣೆಯಲ್ಲಿರುವ ವಿದ್ಯಾರ್ಥಿಗೆ ಕೊಡಿ. ಮಕ್ಕಳ ಹಳೇ ಪಠ್ಯಪುಸ್ತಕವನ್ನು ಹಾಸ್ಟೆಲ್ಲಿಗೆ ಕೊಡಿ. ಕೊಟ್ಟದ್ದಕ್ಕೆ ಬಾಡಿಗೆ ಇಲ್ಲ, ಗೆದ್ದಲೂ ಇಲ್ಲ.

ಎರಡನೆಯದು, ದ್ವೇಷ. ಅಣ್ಣತಮ್ಮಂದಿರ ನಡುವೆ ಮನಸ್ತಾಪವಾದಾಗ ಅಪ್ಪನ ಸಾಮಾನನ್ನು ಒಬ್ಬರು ಬೀಗ ಹಾಕಿ ಇಡುವುದನ್ನು ಕಂಡಿದ್ದೇನೆ. ತಾನೂ ಬಳಸುವುದಿಲ್ಲ, ತಂಗಿಗೂ ಕೊಡುವುದಿಲ್ಲ. ಅದು ಕಾಪಾಡುವುದಲ್ಲ, ಸೇಡನ್ನು ಪೆಟ್ಟಿಗೆಯಲ್ಲಿ ಇಡುವುದು. ಹಂಚಬೇಕಾದುದನ್ನು ಹಂಚಿಯೇ ಬೀಗ ಹಾಕಿ.

ಮೂರನೆಯದು, ಅರಿವಿಲ್ಲದಿರುವುದು. ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಕೆಲಸಕ್ಕೆ ಬರುತ್ತದೆ. ಫ್ರಿಜ್ಜು, ವಾಷಿಂಗ್ ಮೆಷಿನ್ನಿನ ನೀರು ಪೂರ್ತಿ ತೆಗೆದು, ಒರೆಸಿ, ಬಾಗಿಲು ತುಸು ತೆರೆದಿರುವಂತೆ ಇಡಬೇಕು. ಮುಚ್ಚಿಟ್ಟರೆ ಬೂಷ್ಟು. ಗ್ಯಾಸ್ ಸಿಲಿಂಡರನ್ನು ಉಗ್ರಾಣದಲ್ಲಿ ಇಡಲೇಬಾರದು, ಏಜೆನ್ಸಿಗೆ ಒಪ್ಪಿಸಿ ಚೀಟಿ ಪಡೆಯಿರಿ. ಸೀಮೆಎಣ್ಣೆ, ಪಟಾಕಿ, ಯುಪಿಎಸ್ ಬ್ಯಾಟರಿ ಬೇಡ. ಅಕ್ಕಿ ಬೇಳೆ, ಮಸಾಲೆ ಪುಡಿ ಒಂದು ಹಿಡಿ ಉಳಿದರೂ ಇಲಿ ಇರುವೆಗೆ ಕರೆ ಕೊಟ್ಟ ಹಾಗೆ. ಬಟ್ಟೆಯನ್ನು ಒಗೆದು ಬಿಸಿಲಿಗೆ ಚೆನ್ನಾಗಿ ಒಣಗಿಸಿ ಕಟ್ಟಿ. ಹಾಸಿಗೆಯನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ. ಹಸಿ ಇರುವಾಗ ಪ್ಲಾಸ್ಟಿಕ್ಕಿನಲ್ಲಿ ಬಿಗಿದರೆ ಒಳಗೇ ಬೆವರುತ್ತದೆ. ಎಲ್ಲವನ್ನೂ ನೆಲದಿಂದ ಎತ್ತರಕ್ಕೆ, ಮರದ ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿ. ನೆಲಮಾಳಿಗೆಯ ಕೋಣೆ ಅಗ್ಗವೆಂದು ಹಿಡಿಯಬೇಡಿ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಎಷ್ಟೋ ನೆಲಮಾಳಿಗೆಗಳಲ್ಲಿ ನೀರು ನಿಂತದ್ದು ನೆನಪಿರಲಿ. ಬುದ್ಧರು ಹೇಳಿದ ಐದು ಅಪಾಯಗಳಲ್ಲಿ ನೀರೂ ಒಂದು.

ಕಾಗದವನ್ನೂ ಅರಿತು ಸಹಿ ಮಾಡಿ. 1872ರ ಭಾರತೀಯ ಕರಾರು ಕಾಯ್ದೆಯ 151ನೇ ಕಲಂ ಪ್ರಕಾರ, ಇನ್ನೊಬ್ಬರ ವಸ್ತುವನ್ನು ವಶಕ್ಕೆ ಪಡೆದವರು ಸಾಮಾನ್ಯ ವಿವೇಕಿ ತನ್ನ ವಸ್ತುವನ್ನು ನೋಡಿಕೊಳ್ಳುವಷ್ಟು ಜಾಗ್ರತೆಯಿಂದ ಅದನ್ನು ನೋಡಿಕೊಳ್ಳಬೇಕು. ಆದರೆ ಕೋಣೆ ಬಾಡಿಗೆಗೆ ಪಡೆದು ನಾವೇ ಬೀಗ ಹಾಕಿದಾಗ, ಒಳಗಿನದಕ್ಕೆ ನೀವೇ ಹೊಣೆ ಎಂದು ಕರಾರಿನಲ್ಲಿ ಬರೆದಿರಬಹುದು. ವಿಮೆ ಇದೆಯೇ, ಇದ್ದರೆ ಎಷ್ಟಕ್ಕೆ, ಬಾಡಿಗೆ ಎರಡು ತಿಂಗಳು ನಿಂತರೆ ಸಾಮಾನಿಗೆ ಏನು ಮಾಡುತ್ತಾರೆ, ಮುಂಗಡ ಯಾವಾಗ ಹಿಂದಿರುಗಿಸುತ್ತಾರೆ, ಇಷ್ಟನ್ನು ಓದಿ, ಕೇಳಿ, ಆಮೇಲೆ ಸಹಿ. ಓದಿ ಸಹಿ ಮಾಡುವುದು ನಮ್ಮ ಹಿರಿಯರಿಗೆ ಸಿಗದ ಹಕ್ಕು. ಹೆಬ್ಬೆಟ್ಟು ಒತ್ತಿಸಿಕೊಂಡು ಜಮೀನು ಬರೆಸಿಕೊಂಡ ಕಥೆ ನಮ್ಮ ಪ್ರತಿ ಕೇರಿಯಲ್ಲೂ ಇದೆ.

ನಾಲ್ಕನೆಯದು, ಭಯ. ಭಯದಿಂದ ಎರಡು ತಪ್ಪು ದಾರಿ ಹುಟ್ಟುತ್ತವೆ. ಒಂದು, ಮುಂದೆ ಸಿಗುವುದೋ ಇಲ್ಲವೋ ಎಂದು ಮುರಿದ ಕುರ್ಚಿಯನ್ನೂ ಕಟ್ಟಿಡುವುದು. ಬರಗಾಲ ಕಂಡ ಮನೆಗಳಲ್ಲಿ ಈ ಭಯ ಸಹಜ, ಅದನ್ನು ಹಂಗಿಸಬಾರದು. ಆದರೆ ಅದನ್ನು ಗುರುತಿಸಬೇಕು. ಇನ್ನೊಂದು, ಮನೆಯಲ್ಲಿದ್ದರೆ ಕಳ್ಳರು ಎಂದು ಒಡವೆ, ಆಸ್ತಿಪತ್ರಗಳನ್ನೂ ಬೀರುವಿನ ಜೊತೆ ಉಗ್ರಾಣಕ್ಕೆ ಕಳಿಸುವುದು. ಇದು ಬೇಡ. ಒಡವೆ ಬ್ಯಾಂಕ್ ಲಾಕರಿನಲ್ಲಿರಲಿ. ಅಲ್ಲಿಯೂ ಮಿತಿ ತಿಳಿದಿರಿ: 2022ರ ಜನವರಿಯಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮದಂತೆ ಬೆಂಕಿ, ಕಳವು, ಕಟ್ಟಡ ಕುಸಿತ, ಸಿಬ್ಬಂದಿಯ ವಂಚನೆಗಳಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ಲಾಕರಿನ ವಾರ್ಷಿಕ ಬಾಡಿಗೆಯ 100 ಪಟ್ಟಿನವರೆಗೆ ಮಾತ್ರ. ಜಾತಿ ಪ್ರಮಾಣಪತ್ರ, ಮಾರ್ಕ್ಸ್ ಕಾರ್ಡು, ಕ್ರಯಪತ್ರ, ಮಂಜೂರಾತಿ ಆದೇಶ, ಸೇವಾ ದಾಖಲೆ, ಪಿಂಚಣಿ ಕಾಗದ ಇವು ನೀವು ಹೋದಲ್ಲಿಗೆ ನಿಮ್ಮ ಕೈಚೀಲದಲ್ಲೇ ಬರಲಿ, ಪ್ರತಿಗಳು ಇನ್ನೊಂದು ಕಡೆ ಇರಲಿ.

ಐದನೆಯದು, ಇಟ್ಟದ್ದು ಇಡದ್ದು ತಿಳಿದಿರುವುದು. ಪ್ರತಿ ಪೆಟ್ಟಿಗೆಗೂ ನಂಬರು ಹಾಕಿ, ಒಂದು ನೋಟುಪುಸ್ತಕದಲ್ಲಿ ಯಾವ ನಂಬರಿನಲ್ಲಿ ಏನಿದೆ ಎಂದು ಬರೆಯಿರಿ. ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಕರಾರು, ರಸೀದಿ, ಕೀಲಿ ಎಲ್ಲಿವೆ ಎಂದು ಮನೆಯ ಇನ್ನೊಬ್ಬರಿಗೂ ಗೊತ್ತಿರಲಿ. ನಾಳೆ ನಾವಿಲ್ಲದಿದ್ದರೆ ಬೀಗ ತೆಗೆಯುವವರು ಯಾರು ಎಂಬುದು ಕರಾರಿನಲ್ಲೇ ಬರೆದಿರಲಿ. ಮತ್ತು ಇಟ್ಟು ಮರೆಯಬೇಡಿ. ದೊಡ್ಡ ಕುಟುಂಬಗಳು ಹೆಚ್ಚು ಕಾಲ ಉಳಿಯಲು ನಾಲ್ಕು ಕಾರಣಗಳನ್ನು ಬುದ್ಧರು ಅಂಗುತ್ತರ ನಿಕಾಯದಲ್ಲಿ ಹೇಳುತ್ತಾರೆ. ಕಳೆದುದನ್ನು ಹುಡುಕುವುದು, ಹಳತಾದುದನ್ನು ದುರಸ್ತಿ ಮಾಡುವುದು, ತಿನ್ನುವುದು ಕುಡಿಯುವುದರಲ್ಲಿ ಮಿತಿ, ಶೀಲವಂತರ ಕೈಗೆ ಮನೆಯ ಜವಾಬ್ದಾರಿ. ಉಗ್ರಾಣಕ್ಕೆ ಮೂರು ನಾಲ್ಕು ತಿಂಗಳಿಗೊಮ್ಮೆ, ಮಳೆಗಾಲ ಮುಗಿದ ಮೇಲಂತೂ ತಪ್ಪದೆ, ಹೋಗಿ ನೋಡುವುದು ಇದರಲ್ಲಿ ಸೇರುತ್ತದೆ. ನೀವು ದೂರ ಇದ್ದರೆ ನಮ್ಮ ಬಳಗದವರಿಗೆ ಹೇಳಿ. ಕಲ್ಯಾಣಮಿತ್ರರು ಇರುವುದೇ ಅದಕ್ಕೆ.

ಈ ಐದನೆಯ ಗುಣದ ಮಹತ್ವಕ್ಕೆ ಬಾಬಾಸಾಹೇಬರ ಬಾಳಿನಿಂದಲೇ ಇನ್ನೊಂದು ನಿದರ್ಶನ ಕೊಡುತ್ತೇನೆ. 1956ರ ಡಿಸೆಂಬರ್ 6ರಂದು ಅವರ ಪರಿನಿಬ್ಬಾಣವಾದ ಮೇಲೆ ಅವರ ಕಾಗದಪತ್ರಗಳು ದೆಹಲಿ ಹೈಕೋರ್ಟಿನ ವಶಕ್ಕೆ, ಮುಂದೆ ಮಹಾರಾಷ್ಟ್ರದ ಅಡ್ಮಿನಿಸ್ಟ್ರೇಟರ್ ಜನರಲ್ ಅವರ ವಶಕ್ಕೆ ಹೋದವು. ಪೆಟ್ಟಿಗೆಗಳಲ್ಲಿ ಅಚ್ಚಾಗದ ಹಸ್ತಪ್ರತಿಗಳಿದ್ದವು. ಬೀಗ ಇತ್ತು, ಕಾವಲು ಇತ್ತು. ಆದರೆ ಓದುವವರ ಕೈಗೆ ಅವು ಬರಲಿಲ್ಲ. ನಾಗಪುರದ ವಕೀಲರೊಬ್ಬರು ಕೋರ್ಟಿಗೆ ಹೋದರು. ಒಂದೋ ಪ್ರಕಟಿಸಲು ನನಗೆ ಬಿಡಿ, ಇಲ್ಲವೇ ಸರ್ಕಾರವೇ ಪ್ರಕಟಿಸಲಿ ಎಂಬುದಷ್ಟೇ ಅವರ ಕೋರಿಕೆ. ವಸಂತ ಮೂನ್ ಮೊದಲಾದವರು ಶ್ರಮಪಟ್ಟರು, ವಾರಸುದಾರರು ಒಪ್ಪಿದರು. 1981ರಲ್ಲಿ ಪೆಟ್ಟಿಗೆಗಳು ಪ್ರಕಟಣಾ ಸಮಿತಿಯ ಕೈಗೆ ಬಂದವು. ಐದು ಕಬ್ಬಿಣದ ಟ್ರಂಕುಗಳು. 1987ರಿಂದ ಆ ಹಸ್ತಪ್ರತಿಗಳು ಸಂಪುಟಗಳಾಗಿ ಹೊರಬಂದವು. ಇಂದು ನಾವು ಭಾನುವಾರ ಕುಳಿತು ಓದುವ ಎಷ್ಟೋ ಪುಟಗಳು 25 ವರ್ಷ ಪೆಟ್ಟಿಗೆಯೊಳಗಿದ್ದವು.

ಬೀಗ ಹಾಕಿದವರಿಗೆ ಕೃತಜ್ಞರಾಗೋಣ, ಅವರಿಂದ ಅವು ಉಳಿದವು. ಬೀಗ ತೆಗೆಸಿದವರಿಗೂ ಕೃತಜ್ಞರಾಗೋಣ. ಕಾಪಾಡುವುದು ಬಳಸಲಿಕ್ಕಾಗಿ. ತೆರೆಯದ ಪೆಟ್ಟಿಗೆ ಕಳೆದುಹೋದ ಪೆಟ್ಟಿಗೆಗಿಂತ ಬಹಳ ದೂರವಿಲ್ಲ.

ಖುದ್ದಕಪಾಠದಲ್ಲಿ ನಿಧಿಕಂಡ ಎಂಬ ಸುತ್ತವಿದೆ. ಸಾಲಕ್ಕೆ, ಬರಕ್ಕೆ, ಆಪತ್ತಿಗೆ ಆಗಲಿ ಎಂದು ಒಬ್ಬ ನೆಲವನ್ನು ಆಳವಾಗಿ ಅಗೆದು ನಿಧಿ ಹೂಳುತ್ತಾನೆ. ಆದರೂ ಎಲ್ಲವೂ ಎಲ್ಲ ಕಾಲಕ್ಕೂ ಅವನಿಗೆ ಒದಗುವುದಿಲ್ಲ. ಇಟ್ಟ ಜಾಗದಿಂದ ಅದು ಜರುಗಬಹುದು, ಅವನಿಗೇ ಗುರುತು ಮರೆಯಬಹುದು, ಒಲ್ಲದ ವಾರಸುದಾರ ಕದ್ದು ತೆಗೆಯಬಹುದು. ದಾನ, ಶೀಲ, ಸಂಯಮಗಳ ನಿಧಿಯನ್ನಾದರೋ ಯಾರೂ ಒಯ್ಯಲಾರರು ಎನ್ನುತ್ತದೆ ಆ ಸುತ್ತ. ಇದನ್ನು ತೋರಿಸಿ, ಹಾಗಾದರೆ ಸಾಮಾನು ಏಕೆ ಎಂದು ಕೇಳುವವರು ಇರುತ್ತಾರೆ. ಅವರಿಗೆ ದೀಘಜಾಣುವಿನ ಸುತ್ತವನ್ನೂ ತೋರಿಸಿ. ಅಲ್ಲಿ ಈ ಲೋಕದ ನಾಲ್ಕು ಹಿತಗಳಾದ ಮೇಲೆ ಶ್ರದ್ಧೆ, ಶೀಲ, ತ್ಯಾಗ, ಪ್ರಜ್ಞೆ ಎಂಬ ಇನ್ನೂ ನಾಲ್ಕನ್ನು ಬುದ್ಧರು ಹೇಳುತ್ತಾರೆ. ಒಂದಕ್ಕಾಗಿ ಇನ್ನೊಂದನ್ನು ಬಿಡಿ ಎಂದಿಲ್ಲ. ಬೆವರಿನ ಗಳಿಕೆಯನ್ನು ಕಾಪಾಡುವಾಗ ಕಾಪಾಡುವ ಮನಸ್ಸನ್ನೂ ಆಸೆ, ದ್ವೇಷ, ಅರಿವುಗೇಡಿತನ, ಭಯಗಳಿಂದ ಕಾಪಾಡಿಕೊಂಡರೆ ಎರಡೂ ನಿಧಿಗಳು ಒಂದೇ ಕೈಯಲ್ಲಿ ಉಳಿಯುತ್ತವೆ.

ಈ ವಾರದ ಅಭ್ಯಾಸ: ಭಾನುವಾರ ಬೆಳಿಗ್ಗೆ ಮನೆಯ ಒಂದು ಪೆಟ್ಟಿಗೆ ಅಥವಾ ಬೀರುವಿನ ಒಂದು ಖಾನೆಯನ್ನು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತೆರೆಯಿರಿ. ಕಾಗದಗಳನ್ನು ನೆರಳಿನಲ್ಲಿ ಗಾಳಿಗೆ ಹರಡಿ. ಪ್ರತಿಯೊಂದೂ ಏನು, ಯಾರು ಗಳಿಸಿದ್ದು, ಹೇಗೆ ಬಂತು ಎಂದು ಮಕ್ಕಳಿಗೆ ಹೇಳಿ. ಪಟ್ಟಿ ಬರೆಯಿಸಿ. ಕೊಡಬಹುದಾದ ಒಂದು ವಸ್ತುವನ್ನು ಅಂದೇ ಕೊಟ್ಟುಬಿಡಿ. ಓದಲು ಬಾರದ ಹಿರಿಯರು ಮನೆಯಲ್ಲಿದ್ದರೆ ಈ ಚಿಂತನೆಯನ್ನು ಅವರಿಗೆ ಓದಿ ಹೇಳಿ, ಅವರ ಟ್ರಂಕಿನ ಕಥೆಯನ್ನೂ ಕೇಳಿಸಿಕೊಳ್ಳಿ.

ಎಲ್ಲರಿಗೂ ಮಂಗಳವಾಗಲಿ.

ನಮೋ ಬುದ್ಧಾಯ. ಜೈ ಭೀಮ್.